ಎತ್ತಿ ಕೂರಿಸುವ ಕೈಗೂ ಸಂಬಳ ಬೇಕು

ಕೇಳುಗರೇ, ನಮಸ್ಕಾರ.

ಬೆಳಗಿನ ಐದೂವರೆಗೆ ನನ್ನ ತಮ್ಮ ನನ್ನನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸುತ್ತಾನೆ. ಕಾಲುಗಳನ್ನು ಮಂಚದಿಂದ ಇಳಿಸಿ, ಕಂಕುಳಡಿ ಕೈ ಹಾಕಿ, ತನ್ನ ಮೊಣಕಾಲಿನಿಂದ ನನ್ನ ಮೊಣಕಾಲನ್ನು ಒತ್ತಿ ಹಿಡಿದು, ಒಂದೇ ಉಸಿರಿಗೆ ತಿರುಗಿಸಿಬಿಡುತ್ತಾನೆ. ಆಮೇಲೆ ಓಡುತ್ತಾನೆ, ಆರು ಗಂಟೆಯ ಬಸ್ಸಿಗೆ. ಮಧ್ಯಾಹ್ನ ಕೊಂಚ ಹೊತ್ತು ಮಲಗದಿದ್ದರೆ ಕೂತಲ್ಲೇ ಕೂತು ಮೈಯಲ್ಲಿ ಒತ್ತಡದ ಹುಣ್ಣಾಗುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಮಲಗಿಸುವವರು ಯಾರು? ಅಮ್ಮನಿಗೆ ಎಪ್ಪತ್ತು ದಾಟಿದೆ. ತಮ್ಮನಿಗೆ ಜ್ವರ ಬಂದ ದಿನ ನನಗೂ ಹಾಸಿಗೆಯೇ ಗತಿ.

ಸ್ವತಂತ್ರ ಬದುಕೆಂದರೆ ಎಲ್ಲವನ್ನೂ ತಾನೇ ಮಾಡಿಕೊಳ್ಳುವುದು ಎಂದು ಬಹಳ ಜನ ತಿಳಿದಿದ್ದಾರೆ. ನನ್ನನ್ನು ಎತ್ತುವ ಕೈ ಬೇರೆಯವರದಾಗಿರಲಿ, ಬೇಸರವಿಲ್ಲ. ಎಷ್ಟು ಹೊತ್ತಿಗೆ ಏಳಬೇಕು, ಯಾರ ಮನೆಗೆ ಹೋಗಬೇಕು ಎನ್ನುವುದು ಮಾತ್ರ ನನ್ನ ತೀರ್ಮಾನವಾಗಬೇಕು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಸಮುದಾಯದ ನಡುವೆ ಬದುಕುವ ಹಕ್ಕನ್ನೂ ಅದಕ್ಕೆ ಬೇಕಾದ ವೈಯಕ್ತಿಕ ಸಹಾಯವನ್ನೂ ಹೆಸರಿಸಿದೆ. 24ನೇ ಸೆಕ್ಷನ್ನಿನಲ್ಲಿ, ಹೆಚ್ಚು ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಿದೆ. ಆದರೆ ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಷರತ್ತೂ ಅಲ್ಲೇ ಇದೆ. ಆ ಷರತ್ತು ನನಗೆ ನೋವು ಕೊಡುತ್ತದೆ. ಶೇ 80ಕ್ಕೂ ಹೆಚ್ಚು ವೈಕಲ್ಯವಿರುವ ಬಡವರಿಗೆ ಕೇಂದ್ರ ಕೊಡುತ್ತಾ ಬಂದಿರುವ ಪಿಂಚಣಿಯ ಪಾಲು ತಿಂಗಳಿಗೆ 300 ರೂಪಾಯಿ. ರಾಜ್ಯ ತನ್ನ ಪಾಲು ಸೇರಿಸುತ್ತದೆ, ನಿಜ. ಒಟ್ಟು ಸೇರಿದರೂ ಒಬ್ಬ ಸಹಾಯಕನನ್ನು ತಿಂಗಳಿಡೀ ಇಟ್ಟುಕೊಳ್ಳಲು ಸಾಲದು.

ಬ್ರಿಟನ್ನಿನಲ್ಲಿ 1988ರಲ್ಲಿ ಇದಕ್ಕೆಂದೇ ಒಂದು ನಿಧಿ ಆರಂಭವಾಯಿತು. ತೀವ್ರ ವೈಕಲ್ಯವಿದ್ದವರು ಆ ಹಣದಿಂದ ತಮ್ಮ ಸಹಾಯಕರನ್ನು ತಾವೇ ಆರಿಸಿ ನೇಮಿಸಿಕೊಂಡರು. 2015ರ ಜೂನ್‌ನಲ್ಲಿ ಸರ್ಕಾರ ಅದನ್ನು ಮುಚ್ಚಿ, ಇಂಗ್ಲೆಂಡಿನಲ್ಲಿ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. ಸ್ಕಾಟ್ಲೆಂಡ್ ಮಾತ್ರ ಬಿಟ್ಟುಕೊಡದೆ ತನ್ನದೇ ನಿಧಿ ಕಟ್ಟಿಕೊಂಡಿತು.

ನಮ್ಮಲ್ಲೂ ದಾರಿಯಿದೆ. ಗ್ರಾಮ ಪಂಚಾಯಿತಿಗಳು ಅಂಗವಿಕಲರಿಗಾಗಿ ಶೇ 5ರ ಅನುದಾನ ಮೀಸಲಿಡಬೇಕು. ಅಂಗವಿಕಲರ ನೆರವಿಗೆಂದೇ ಗೌರವಧನದ ಮೇಲೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಯಾರ ಮನೆಯಲ್ಲಿ ಯಾರಿದ್ದಾರೆಂಬುದು ಗೊತ್ತು. ಆ ಹಣದಲ್ಲಿ ಸಲಕರಣೆ ಕೊಡಲಿ, ಬೇಡವೆನ್ನುವುದಿಲ್ಲ. ಜೊತೆಗೆ, ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಅರ್ಧ ಗಂಟೆ, ರಾತ್ರಿ ಒಂದು ಗಂಟೆ ಬಂದು ಹೋಗುವ, ತರಬೇತಿ ಪಡೆದ ಒಬ್ಬರಿಗೆ ಸಂಬಳವನ್ನೂ ಕೊಡಲಿ.

ಇದನ್ನೇ ಬರೆದು ಅರ್ಜಿ ಸಿದ್ಧಪಡಿಸಿದ್ದೇನೆ. ಮುಂದಿನ ಗ್ರಾಮಸಭೆ ಬೆಳಿಗ್ಗೆ ಹನ್ನೊಂದಕ್ಕೆ. ನನ್ನನ್ನು ಅಲ್ಲಿಗೆ ಕರೆದೊಯ್ಯಲು ತಮ್ಮ ಅಂದಿನ ಕೂಲಿ ಬಿಡುತ್ತಾನೆ.