ರಿವೈಂಡ್ ಒತ್ತಿ ಮುಗಿಸಿದ ಕಾಂಟ್ರಾ, ಕಾಂಟ್ರಾನೇ ಅಲ್ಲ ಗುರು!

ನಮಸ್ಕಾರ. ಕಳೆದ ವಿಡಿಯೋ ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ: "ಕಾಂಟ್ರಾ ಏನ್ ಮಹಾ? ಮೊಬೈಲಲ್ಲಿ ರಿವೈಂಡ್ ಮಾಡ್ಕೊಂಡು ಒಂದೇ ಸಂಜೇಲಿ ಮುಗಿಸ್ದೆ." ಅದಕ್ಕೆ ಲೈಕ್ ಬೇರೆ! ರಿವೈಂಡ್ ಅಂದ್ರೆ ಸತ್ತ ಕೂಡಲೇ ಆಟವನ್ನ ಸ್ವಲ್ಪ ಹಿಂದಕ್ಕೆ ಓಡಿಸಿ, ಆ ಸಾವನ್ನೇ ಅಳಿಸಿಹಾಕೋದು. ಸ್ವಾಮಿ, ಕೈಮುಗಿದು ಹೇಳ್ತೀನಿ, ಅದು ಮುಗಿಸಿದ್ದಲ್ಲ. ಉತ್ತರ ಪಕ್ಕದಲ್ಲಿಟ್ಕೊಂಡು ಪದಬಂಧ ತುಂಬಿದ್ದು.

ಕಾಂಟ್ರಾ ಅಂದ್ರೆ ನಿಂಟೆಂಡೋಗೆ 1988ರಲ್ಲಿ ಬಂದ, ಕೊನಾಮಿ ಕಂಪನಿಯ ಗುಂಡು ಹಾರಿಸೋ ಆಟ. ನಮ್ಮ ಕಡೆ ನಕಲಿ ಟಿವಿ ಗೇಮ್ ಡಬ್ಬಾಗಳ ಕ್ಯಾಸೆಟ್‌ನಲ್ಲಿ ಮನೆಮನೆಗೆ ಹೋಯ್ತು. 8 ಹಂತ, 3 ಲೈಫ್, 3 ಕಂಟಿನ್ಯೂ. ಒಂದೇ ಗುಂಡು ತಾಗಿದ್ರೂ ಕಥೆ ಮುಗೀತು. ಲೈಫ್ ಹೋಗೋದು ಬಿಡಿ, ನಿಜವಾದ ಏಟು ಬೇರೆ ಇದೆ: ಸತ್ತಾಗ ಕೈಲಿದ್ದ ಎಸ್ ಗನ್ನೂ ಹೋಗುತ್ತೆ. ಬೀಸಣಿಗೆ ಥರ ಐದೈದು ಗುಂಡು ಹಾರಿಸ್ತಿದ್ದೋನು ಮತ್ತೆ ಒಂದೊಂದೇ ಗುಂಡಿನ ಬಡಪಾಯಿ. ಆಟ ನಿಂತಿರೋದೇ ಆ ಭಯದ ಮೇಲೆ. ರಿವೈಂಡ್ ಆ ಭಯವನ್ನೇ ಕಿತ್ತುಹಾಕುತ್ತೆ.

"ಹಾಗಾದ್ರೆ 30 ಲೈಫ್ ಕೋಡ್ ಮೋಸ ಅಲ್ವಾ?" ಅಲ್ಲ! ಆಟ ಶುರು ಮಾಡೋ ಮೊದಲು ಈ ಬಟನ್‌ಗಳನ್ನ ಒತ್ತಿದ್ರೆ 3ರ ಬದಲು 30 ಲೈಫ್: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ, ಸ್ಟಾರ್ಟ್. ಈ ಕೋಡನ್ನ ಮೊದಲು ಕೊನಾಮಿಯದೇ ಗ್ರೇಡಿಯಸ್ ಅನ್ನೋ ಆಟಕ್ಕೆ ಹಾಕಿದವರು ಕಝುಹಿಸಾ ಹಾಶಿಮೊಟೊ, ಯಾಕಂದ್ರೆ ಆಟ ಪರೀಕ್ಷೆ ಮಾಡೋಕೇ ಅವರಿಗೆ ಕಷ್ಟ ಆಗ್ತಿತ್ತು. 30 ಲೈಫ್ ಇದ್ರೂ ಪ್ರತಿ ಸಾವಿಗೂ ಗನ್ ದಂಡ ಕಟ್ಟಲೇಬೇಕು. ರಿವೈಂಡ್‌ಗೆ ದಂಡ ಎಲ್ಲಿದೆ?

ಮೂರನೇ ಹಂತ ಜಲಪಾತ ನೋಡಿ. ಪರದೆ ಮೇಲಕ್ಕೆ ಸರಿದ ಹಾಗೆ ಕೆಳಗಿನ ಮೆಟ್ಟಿಲು ಮಾಯ, ಅಲ್ಲಿಗೆ ಬಿದ್ರೆ ಸಾವು. ಇಬ್ಬರು ಆಡ್ತಿದ್ರೆ ಮುಂದೆ ಹಾರಿದವನೇ ಹಿಂದಿನವನನ್ನ ಕೊಲ್ತಾನೆ. ಎಷ್ಟು ಸ್ನೇಹ ಅಲ್ಲೇ ಮುರಿದಿರಬಹುದು! ಒಂದೇ ಮೆಟ್ಟಿಲಲ್ಲಿ ಇಬ್ಬರೂ ನಿಂತು, ಎಣಿಸಿ, ಒಟ್ಟಿಗೆ ಹಾರಬೇಕು. ಆರನೇ ಹಂತದ ಬೆಂಕಿ ಉಗುಳುಗಳಿಗೂ ಒಂದು ತಾಳ ಇದೆ. ನಿಂತು ನೋಡಿ, ಆರಿದ ಕೂಡಲೇ ನುಗ್ಗಿ. ಎಸ್ ಇರುವಾಗ ಎಫ್, ಅಂದ್ರೆ ಬೆಂಕಿ ಗನ್, ಬಂದ್ರೆ ಮುಟ್ಟಬೇಡಿ, ಎಸ್ ಹೋಗುತ್ತೆ. ಲೇಸರ್ ಸಿಕ್ಕಿದ್ರೆ ಬಟನ್ ಕುಟ್ಟಬೇಡಿ, ಎರಡನೇ ಸಲ ಒತ್ತಿದ ತಕ್ಷಣ ಮೊದಲನೇ ಕಿರಣ ರದ್ದು. ಬಾಸ್‌ನ ಮೂತಿಗೆ ಹತ್ತಿರ ಹೋಗಿ ಎಸ್ ಹೊಡೆದ್ರೆ ಐದೂ ಗುಂಡು ಒಂದೇ ಕಡೆ ಬೀಳ್ತವೆ. ಇವೆಲ್ಲ ಸತ್ತು ಸತ್ತು ಕಲಿಯೋ ವಿದ್ಯೆ. ರಿವೈಂಡ್ ಒತ್ತೋನಿಗೆ ಕಲಿಯೋ ಗರಜೇ ಇಲ್ಲ!

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಪ್ತೀನಿ, ಇಲ್ಲಿ ಕೆಲವು ಸಲ ನೆಲ ನಿಜವಾಗ್ಲೂ ಡೊಂಕು. ಆಟ ಸೆಕೆಂಡಿಗೆ 60 ಫ್ರೇಮ್, ಅಂದ್ರೆ 60 ಚಿತ್ರ, ಒಂದು ಫ್ರೇಮ್ ಅಂದ್ರೆ ಸುಮಾರು 16.7 ಮಿಲಿಸೆಕೆಂಡ್. ಹೊಸ ಟಿವಿ ಚಿತ್ರ ತಿದ್ದಿ ತೀಡಿ ತೋರಿಸೋ ಹೊತ್ತಿಗೆ ಕೆಲವು ಫ್ರೇಮ್ ತಡ, ನೀವು ಹಾರೋ ಮೊದಲೇ ಗುಂಡು ಎದೆಗೆ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ವೈರ್ ಇರೋ ಪ್ಯಾಡ್ ತಗೊಳ್ಳಿ, ಹಳೇ ಆಟ ಓಡಿಸೋ ರೆಟ್ರೋಆರ್ಕ್ ಆ್ಯಪ್‌ನಲ್ಲಿ ಈ ತಡ ಕಡಿಮೆ ಮಾಡೋ ರನ್-ಅಹೆಡ್ ಸೆಟ್ಟಿಂಗ್ ಒಂದು ಫ್ರೇಮ್‌ಗೆ ಇಡಿ. ಗಾಜಿನ ಪರದೆ ಮೇಲೆ ಹೆಬ್ಬೆರಳು ಜಾರಿಸ್ಕೊಂಡು "ಆಟ ಸರಿಯಿಲ್ಲ" ಅನ್ನಬೇಡಿ. ಸಬ್‌ಸ್ಕ್ರೈಬ್ ಆಗದೇ ಇರೋ ಮುಕ್ಕಾಲು ಪಾಲು ಜನಕ್ಕೂ ಇದೇ ಮಾತು, ಬಟನ್ ಕೆಳಗೇ ಇದೆ.

"ನಮಗೆ ಟೈಮ್ ಇಲ್ಲ ಗುರು." ರೀಲ್ಸ್‌ಗೆ ಇದೆಯಲ್ಲ? ನುರಿತವರಿಗೆ ಇಡೀ ಕಾಂಟ್ರಾ ಅರ್ಧ ಗಂಟೆ ಕೂಡ ಹಿಡಿಯಲ್ಲ. ಕಷ್ಟ ತೆಗೆದ್ರೆ ಉಳಿಯೋದೇನು? ಅಂಗಿ ಬಿಚ್ಚಿದ ಇಬ್ಬರು ಗಂಡಸರು ಬಲಕ್ಕೆ ಓಡ್ತಾರೆ, ಅಷ್ಟೇ! "ಆದ್ರೂ ಮಜಾ ಬಂತಲ್ಲ" ಅಂತೀರಾ? ಬರಲಿಲ್ಲ. ಬಂದಿಲ್ಲ ಅಂದ್ರೆ ಬಂದಿಲ್ಲ. ರಿವೈಂಡ್ ಮಾಡಿದ್ದು ಆಡಿದ್ದಲ್ಲ, ಅಲ್ಲ, ಅಲ್ಲವೇ ಅಲ್ಲ!

ಕಾಮೆಂಟಲ್ಲಿ ಬಯ್ಯಿರಿ, ಓದ್ತೀನಿ. ಮುಂದಿನ ವಾರ ಬ್ಯಾಟಲ್‌ಟೋಡ್ಸ್ ಅನ್ನೋ ಇನ್ನೊಂದು ಹಳೇ ಆಟದ ಮೂರನೇ ಹಂತ, ಆ ಬೈಕ್ ಸುರಂಗ. ರಿವೈಂಡ್ ಬಟನ್ ಮೇಲೆ ಟೇಪ್ ಅಂಟಿಸ್ಕೊಂಡು ಬನ್ನಿ.