ಫೈಲ್ ಇಲ್ಲದ ಚಿತ್ರ

ಎಲ್ಲರಿಗೂ ನಮಸ್ಕಾರ.

ಊಟ ಆದ ಮೇಲಿನ ಉಪನ್ಯಾಸ ನನ್ನ ಪಾಲಿಗೆ ಬಂದಿದೆ. ವಿಷಯ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಿತ್ರ ಮಾಡುವುದು. ಊಟದ ಹೊತ್ತು ನೋಡಿ, ಹಾಗಾಗಿ ಸ್ಲೈಡ್ ಕಡಿಮೆ, ಕಥೆ ಜಾಸ್ತಿ.

ನಮ್ಮೂರಲ್ಲಿ ಮಕ್ಕಳಿಗೆ ಬೇಸಿಗೆ ಶಿಬಿರ ಮಾಡಿದ್ದೆವು. 200 ಮಕ್ಕಳು. ಕೊನೆಯ ದಿನ ಎಲ್ಲರಿಗೂ ಸರ್ಟಿಫಿಕೇಟ್ ಕೊಡಬೇಕು, ಹೆಸರು ಕನ್ನಡದಲ್ಲೇ ಇರಬೇಕು. "ಅಷ್ಟೂ ಕೈಯಲ್ಲಿ ಬರೆಯೋದಾ?" ಅಂತ ಯಾರೋ ಕೇಳಿದರು. "ಯಾಕೆ, ಪೈಥಾನ್ ಇದೆಯಲ್ಲ, ಹತ್ತು ನಿಮಿಷದ ಕೆಲಸ" ಎಂದುಬಿಟ್ಟೆ. ಆ ಹತ್ತು ನಿಮಿಷ ಎರಡು ರಾತ್ರಿ ತಿಂದಿತು.

ನಾನು ಬಳಸಿದ್ದು ಪಿಲ್ಲೋ ಲೈಬ್ರರಿ, ಅಂದರೆ ಪೈಥಾನ್‌ನಲ್ಲಿ ಚಿತ್ರ ಮಾಡಲು, ತಿದ್ದಲು ಬೇಕಾದ ಸಿದ್ಧ ಕೋಡಿನ ಸಂಗ್ರಹ. ಇದರ ಮೂಲ ಪಿಐಎಲ್, ಅಂದರೆ ಪೈಥಾನ್ ಇಮೇಜಿಂಗ್ ಲೈಬ್ರರಿ. ಫ್ರೆಡ್ರಿಕ್ ಲುಂಡ್ ಅನ್ನುವವರು 1995ರಲ್ಲಿ ಶುರು ಮಾಡಿದ್ದು. 2009ರ 1.1.7 ಅದರ ಕೊನೆಯ ಆವೃತ್ತಿ. 2010ರಲ್ಲಿ ಅಲೆಕ್ಸ್ ಕ್ಲಾರ್ಕ್ ಅದೇ ಕೋಡ್ ತೆಗೆದುಕೊಂಡು ಪಿಲ್ಲೋ ಅಂತ ಮುಂದುವರಿಸಿದರು. ಇವತ್ತಿಗೂ ಇನ್‌ಸ್ಟಾಲ್ ಮಾಡುವಾಗ ಪಿಲ್ಲೋ ಅನ್ನಬೇಕು, ಇಂಪೋರ್ಟ್ ಮಾಡುವಾಗ ಪಿಐಎಲ್ ಅನ್ನಬೇಕು. ಮನೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು ಹೆಸರು ಇರುವ ಮಗುವಿನ ಹಾಗೆ.

ಚಿತ್ರ ಅಂದ ತಕ್ಷಣ ನಮಗೆ ಜೆಪೆಗ್, ಪಿಎನ್‌ಜಿ ಫೈಲ್ ನೆನಪಾಗುತ್ತದೆ. ಇವತ್ತು ಸ್ವಲ್ಪ ಹೊತ್ತು ಫೈಲ್ ಮರೆತುಬಿಡಿ. ಚಿಕ್ಕ ಕ್ಲಾಸಿನ ಗಣಿತದ ಚೌಕಳಿ ಪುಸ್ತಕ ನೆನಪಿಸಿಕೊಳ್ಳಿ. ಇಮೇಜ್ ಡಾಟ್ ನ್ಯೂ ಅಂತ ಕರೆದು, ಮೋಡ್, ಅಳತೆ, ಬಣ್ಣ ಈ ಮೂರು ಕೊಟ್ಟರೆ ಮೆಮೊರಿಯಲ್ಲಿ ಅಂಥ ಒಂದು ಹಾಳೆ ಸಿಗುತ್ತದೆ. ಪ್ರತಿ ಚೌಕದಲ್ಲೂ ಕೆಲವು ಸಂಖ್ಯೆ, ಅಷ್ಟೇ. ಮೋಡ್ ಆರ್‌ಜಿಬಿ ಆದರೆ ಕೆಂಪು, ಹಸಿರು, ನೀಲಿಗೆ ಒಂದೊಂದು, 0ಯಿಂದ 255ರವರೆಗೆ. ಆರ್‌ಜಿಬಿಎ ಆದರೆ ಜೊತೆಗೆ ಪಾರದರ್ಶಕತೆಗೆ ಇನ್ನೊಂದು. ಎಲ್ ಆದರೆ ಕಪ್ಪು ಬಿಳುಪಿನ ಒಂದೇ ಸಂಖ್ಯೆ. ಲೆಕ್ಕ ಶುರುವಾಗುವುದು ಮೇಲಿನ ಎಡ ಮೂಲೆಯಿಂದ. ಕೆಳಗೆ ಹೋದಷ್ಟೂ ವೈ ಹೆಚ್ಚುತ್ತದೆ. ಗ್ರಾಫ್ ಹಾಕಿ ಅಭ್ಯಾಸ ಇರುವವರು ಇಲ್ಲಿ ಒಮ್ಮೆಯಾದರೂ ತಲೆಕೆಳಗಾಗುತ್ತಾರೆ.

ಈಗ ಮೊದಲ ರಾತ್ರಿಗೆ ಬರೋಣ. ಗಡಿ, ಲೋಗೋ, ಸಹಿ ಎಲ್ಲ ಇರುವ ಒಂದು ಖಾಲಿ ಸರ್ಟಿಫಿಕೇಟ್ ಮಾಡಿಕೊಂಡೆ. ಪ್ರತಿ ಮಗುವಿಗೂ "ಹೊಸದು ಸಮ ಮೂಲ" ಅಂತ ಬರೆದು, ಹೊಸದರ ಮೇಲೆ ಹೆಸರು ಹಾಕಿ, ಒಂದು ಲಿಸ್ಟ್‌ಗೆ ಸೇರಿಸುತ್ತಾ ಹೋದೆ. ಕೊನೆಗೆ ತೆಗೆದು ನೋಡಿದರೆ 200 ಸರ್ಟಿಫಿಕೇಟಿನಲ್ಲೂ 200 ಹೆಸರು, ಒಂದರ ಮೇಲೊಂದು! ಹೆಸರಿನ ಜಾಗದಲ್ಲಿ ಬರೀ ಮಸಿ ಬಳಿದ ಹಾಗಿತ್ತು. ಕಾರಣ ಗೊತ್ತಾಯಿತು ಅಲ್ವಾ? ಸಮ ಚಿಹ್ನೆ ಹಾಕಿದರೆ ಪೈಥಾನ್ ಹೊಸ ಹಾಳೆ ಕೊಡುವುದಿಲ್ಲ. ಅದೇ ಹಾಳೆಗೆ ಇನ್ನೊಂದು ಹೆಸರು ಕೊಡುತ್ತದೆ. ನಾನು ಒಂದೇ ಹಾಳೆಯ ಮೇಲೆ 200 ಸಲ ಬರೆದಿದ್ದೆ.

ಸರಿ, ಕಾಪಿ ಅಂತ ಸೇರಿಸಿದೆ. ಈಗ ಲ್ಯಾಪ್‌ಟಾಪೇ ಸ್ತಬ್ಧ. ಫ್ಯಾನ್ ಮಾತ್ರ ತಿರುಗುತ್ತಿದೆ, ಮೌಸ್ ಅಲ್ಲಾಡುತ್ತಿಲ್ಲ.

ಲೆಕ್ಕ ಹಾಕೋಣ. ಎ4 ಅಡ್ಡ ಹಾಳೆ, ಇಂಚಿಗೆ 300 ಚುಕ್ಕಿ. ಅಂದರೆ 3508 ಗುಣಿಸು 2480, ಸುಮಾರು 87 ಲಕ್ಷ ಪಿಕ್ಸೆಲ್. ಪಿಕ್ಸೆಲ್ ಅಂದರೆ ಆಗ ಹೇಳಿದ ಒಂದೊಂದು ಚೌಕ. ಆರ್‌ಜಿಬಿಗೆ ಮೂರೇ ಬೈಟ್ ಸಾಕು ಅನಿಸುತ್ತದೆ. ಆದರೆ ಪಿಲ್ಲೋ ಒಳಗೆ ಪ್ರತಿ ಪಿಕ್ಸೆಲ್‌ಗೂ ನಾಲ್ಕು ಬೈಟ್ ಜಾಗ ಇಡುತ್ತದೆ, ನಾಲ್ಕನೆಯದು ಸುಮ್ನೆ ಕೂತಿರುತ್ತದೆ. ಹಾಗಾಗಿ ಒಂದು ಹಾಳೆಗೆ ಸುಮಾರು 35 ಎಂಬಿ. 200 ಹಾಳೆಗೆ 7 ಜಿಬಿ ಹತ್ತಿರ. ನನ್ನ ಲ್ಯಾಪ್‌ಟಾಪಿನ ಮೆಮೊರಿಯೇ 8 ಜಿಬಿ! ಅದೇ ಹಾಳೆ ಪಿಎನ್‌ಜಿ ಮಾಡಿ ಉಳಿಸಿದರೆ ಒಂದು ಎಂಬಿ ಕೂಡ ಇರಲಿಲ್ಲ. ಫೈಲ್ ಅಂದರೆ ಮಡಚಿ ಪೆಟ್ಟಿಗೆಗೆ ಹಾಕಿದ ಸೀರೆ, ಮೆಮೊರಿ ಅಂದರೆ ಹಿತ್ತಿಲಲ್ಲಿ ಉದ್ದಕ್ಕೆ ಹರವಿದ ಸೀರೆ. ನಾನು 200 ಸೀರೆ ಒಂದೇ ತಂತಿಗೆ ಒಣಹಾಕಿದ್ದೆ. ಒಂದು ಮಾಡು, ಉಳಿಸು, ಬಿಟ್ಟುಬಿಡು, ಇನ್ನೊಂದು ಮಾಡು. ಹಾಗೆ ಬದಲಾಯಿಸಿದ ಮೇಲೆ ಒಂದು ತಕರಾರೂ ಇಲ್ಲದೆ ಓಡಿತು.

ಇದೇ ಕಾರಣಕ್ಕೆ ಪಿಲ್ಲೋಗೆ ಒಂದು ಕಾವಲೂ ಇದೆ. ಸುಮಾರು 8 ಕೋಟಿ 95 ಲಕ್ಷ ಪಿಕ್ಸೆಲ್ ಮೀರಿದ ಚಿತ್ರ ತೆರೆದರೆ ಎಚ್ಚರಿಕೆ ಕೊಡುತ್ತದೆ. ಅದರ ಎರಡು ಪಟ್ಟು ಮೀರಿದರೆ ತೆರೆಯುವುದೇ ಇಲ್ಲ. ಕೆಲವು ಕೆಬಿಯ ಫೈಲ್ ಕಳಿಸಿ ಸರ್ವರಿನ ಮೆಮೊರಿಯನ್ನೆಲ್ಲ ನುಂಗಿಸುವ ಕಿಡಿಗೇಡಿಗಳು ಇರುತ್ತಾರೆ, ಅವರಿಗಾಗಿ ಇದು.

ಇನ್ನೊಂದು ಗೊಂದಲ ಬೇಗ ಹೇಳಿಬಿಡುತ್ತೇನೆ. ರಿಸೈಜ್, ರೊಟೇಟ್, ಕನ್ವರ್ಟ್ ಇವೆಲ್ಲ ಹೊಸ ಚಿತ್ರ ಕೊಡುತ್ತವೆ, ಹಳೆಯದು ಹಾಗೇ ಇರುತ್ತದೆ. ಪೇಸ್ಟ್ ಮತ್ತು ಥಂಬ್‌ನೇಲ್ ಇರುವ ಚಿತ್ರವನ್ನೇ ಬದಲಿಸುತ್ತವೆ, ಕೈಗೆ ಏನೂ ಕೊಡುವುದಿಲ್ಲ. "ಚಿತ್ರ ಸಮ ಚಿತ್ರ ಡಾಟ್ ಥಂಬ್‌ನೇಲ್" ಅಂತ ಬರೆದವರ ಕೈಯಲ್ಲಿ ಉಳಿಯುವುದು ಪೈಥಾನಿನ None, ಅಂದರೆ ಏನೂ ಇಲ್ಲ. ಲೋಗೋ ಅಂಟಿಸುವಾಗ ಸುತ್ತ ಕಪ್ಪು ಚೌಕ ಬಂದರೆ, ಪೇಸ್ಟ್‌ಗೆ ಮೂರನೆಯ ಸ್ಥಾನದಲ್ಲಿ ಆ ಲೋಗೋವನ್ನೇ ಇನ್ನೊಮ್ಮೆ ಮಾಸ್ಕ್ ಆಗಿ, ಅಂದರೆ ಯಾವ ಭಾಗ ಕಾಣಬೇಕು ಅಂತ ಹೇಳುವ ಮುಸುಕಾಗಿ, ಕೊಡಲು ಮರೆತಿದ್ದೀರಿ ಎಂದೇ ಅರ್ಥ. ಡಿಸ್ಕ್ ಮುಟ್ಟದೆ ನೇರ ಇಮೇಲ್‌ಗೆ ಹಾಕಬೇಕಾದರೆ ಬೈಟ್ಸ್‌ಐಒ, ಅಂದರೆ ಮೆಮೊರಿಯಲ್ಲೇ ಇರುವ ಫೈಲಿನಂಥದ್ದರ ಒಳಗೆ ಸೇವ್ ಮಾಡಿ. ಓದುವ ಮೊದಲು ಸೀಕ್ ಸೊನ್ನೆ, ಅಂದರೆ ಮೊದಲಿಗೆ ಹೋಗು, ಅನ್ನಿ. ಕ್ಯಾಸೆಟ್ ಕೊನೆಗೆ ಬಂದು ನಿಂತಿರುತ್ತದೆ, ರಿವೈಂಡ್ ಮಾಡದೆ ಪ್ಲೇ ಒತ್ತಿದರೆ ಏನು ಕೇಳುತ್ತದೆ?

ಎರಡನೇ ರಾತ್ರಿ ಲಕ್ಷ್ಮಿಯದು.

ಪ್ರಿಂಟರ್ ಇದ್ದದ್ದು ಗೆಳೆಯನ ಮನೆಯಲ್ಲಿ. ಪ್ರೋಗ್ರಾಮನ್ನು ಅವನ ಕಂಪ್ಯೂಟರಿಗೆ ಹಾಕಿ ಅಲ್ಲೇ ಓಡಿಸಿದೆ. ಅದೇ ಕೋಡ್, ಅದೇ ನೋಟೋ ಸಾನ್ಸ್ ಕನ್ನಡ ಫಾಂಟ್. ರಮ ಸರಿ, ಕಮಲ ಸರಿ. ಲಕ್ಷ್ಮಿ ಮಾತ್ರ ಛಿದ್ರ. ಲ, ಆಮೇಲೆ ಕ, ಪಕ್ಕದಲ್ಲಿ ಒಂಟಿ ಹಲಂತದ ಕೊಂಡಿ, ಷ, ಮತ್ತೆ ಕೊಂಡಿ, ಮ, ಕೊನೆಗೆ ಎಲ್ಲೋ ತೇಲುವ ಗುಡಿಸು. ಮೇಲೆ ಇದ್ದ "ಕನ್ನಡ" ಅನ್ನುವ ಪದವೇ ಒಡೆದಿತ್ತು.

ಲಕ್ಷ್ಮಿ ನಮ್ಮ ಕಣ್ಣಿಗೆ ಎರಡಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ಏಳು: ಲ, ಕ, ಹಲಂತ, ಷ, ಹಲಂತ, ಮ, ಗುಡಿಸು. ಈ ಏಳನ್ನು ಎರಡು ಮಾಡುವ ಕೆಲಸ ಯಾರಾದರೂ ಮಾಡಬೇಕು. ಫ್ರೀಟೈಪ್ ಅನ್ನುವ ಲೈಬ್ರರಿ ಅಕ್ಷರದ ಆಕಾರ ಬಿಡಿಸುತ್ತದೆ, ಆದರೆ ಒತ್ತಕ್ಷರ ಅದಕ್ಕೆ ಗೊತ್ತಿಲ್ಲ. ಒತ್ತಕ್ಷರ ಗೊತ್ತಿರುವುದು ಹಾರ್ಫ್‌ಬಝ್ ಅನ್ನುವ ಇನ್ನೊಂದು ಲೈಬ್ರರಿಗೆ. ಫಾಂಟಿನೊಳಗಿನ ನಿಯಮ ಓದಿ, ಯಾವುದರ ಕೆಳಗೆ ಯಾವುದು ಕೂರಬೇಕು ಅಂತ ಅದು ಹೇಳುತ್ತದೆ. ಪಿಲ್ಲೋ ಅದನ್ನು ತಲುಪುವುದು ರಾಕ್ಮ್ ಅನ್ನುವ ಸಣ್ಣ ಲೈಬ್ರರಿಯ ಮೂಲಕ. ಪಿಲ್ಲೋ ಜೊತೆಗೇ ಬರುವ ರಾಕ್ಮ್‌ಗೆ ಫ್ರಿಬಿಡಿ ಅನ್ನುವ ಇನ್ನೊಂದು ಬೇಕು. ಫ್ರಿಬಿಡಿ ಇರುವುದು ಅರೇಬಿಕ್, ಹೀಬ್ರೂ ಥರ ಬಲದಿಂದ ಎಡಕ್ಕೆ ಬರೆಯುವ ಲಿಪಿಗಳಿಗಾಗಿ. ಕನ್ನಡಕ್ಕೆ ಆ ಕೆಲಸ ಬೇಕೇ ಇಲ್ಲ. ಆದರೂ ಅದಿಲ್ಲದಿದ್ದರೆ ರಾಕ್ಮ್ ಏಳುವುದಿಲ್ಲ. ರಾಕ್ಮ್ ಏಳದಿದ್ದರೆ ಪಿಲ್ಲೋ ಬೇಸಿಕ್ ಅನ್ನುವ ದಾರಿ ಹಿಡಿದು, ಸದ್ದಿಲ್ಲದೆ ಏಳು ತುಂಡನ್ನು ಸಾಲಾಗಿ ಬಿಡಿಸುತ್ತದೆ. ಎರರ್ ಬರುವುದಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ. ಇಂಗ್ಲಿಷಿಗೆ ಬೇಸಿಕ್ ಸಾಕು, ಹಾಗಾಗಿ ಇದು ಬಹಳ ಜನರ ಕಣ್ಣಿಗೇ ಬೀಳುವುದಿಲ್ಲ.

ನನ್ನ ಲ್ಯಾಪ್‌ಟಾಪ್ ಲಿನಕ್ಸ್. ಅಲ್ಲಿ ಫ್ರಿಬಿಡಿ ಯಾವಾಗಲೋ ಬಂದು ಕೂತಿತ್ತು. ಗೆಳೆಯನದು ವಿಂಡೋಸ್, ಅಲ್ಲಿ ಫ್ರಿಬಿಡಿಯ ಡಿಎಲ್ಎಲ್ ಫೈಲನ್ನು ನಾವೇ ತಂದಿಡಬೇಕು. ತಂದಿಟ್ಟೆವು, ಲಕ್ಷ್ಮಿ ಕೂಡಿಕೊಂಡಳು.

ಆಮೇಲೂ ಒಂದು ಉಳಿದಿತ್ತು. ಹೆಸರು ಮಧ್ಯಕ್ಕೆ ಬರಲಿ ಅಂತ ಟೆಕ್ಸ್ಟ್ ಬಿಬಾಕ್ಸ್‌ನಿಂದ ಬರಹದ ಸುತ್ತಲಿನ ಚೌಕಟ್ಟಿನ ಅಳತೆ ತೆಗೆದು ಕೂರಿಸಿದ್ದೆ. ಲಕ್ಷ್ಮಿಯ ಒತ್ತು ಕೆಳಗೆ ಇಳಿಯುವುದರಿಂದ ಅವಳ ಹೆಸರು ಗೆರೆಯಿಂದ ಸ್ವಲ್ಪ ಮೇಲೆ ನಿಂತಿತು. ರಮನ ಹೆಸರು ಕೆಳಗೆ ನಿಂತಿತು. ಬರಹದ ಯಾವ ಬಿಂದುವನ್ನು ಹಿಡಿದು ಕೂರಿಸಬೇಕು ಅಂತ ಹೇಳುವ ಆಂಕರ್‌ಗೆ ಎಂಎಸ್ ಅಂತ ಕೊಟ್ಟೆ. ಅಡ್ಡಕ್ಕೆ ಮಧ್ಯ, ಉದ್ದಕ್ಕೆ ಬೇಸ್‌ಲೈನ್, ಅಂದರೆ ಅಕ್ಷರ ಕೂರುವ ಗೆರೆ. ಒತ್ತು ಇರಲಿ ಬಿಡಲಿ, ಎಲ್ಲರೂ ಒಂದೇ ಗೆರೆ ಮೇಲೆ ನಿಂತರು.

ಈಗ ನನ್ನ ಪ್ರತಿ ಪ್ರೋಗ್ರಾಮಿನ ಮೊದಲ ಸಾಲು ಫೀಚರ್ಸ್ ಡಾಟ್ ಚೆಕ್ ರಾಕ್ಮ್, ಅಂದರೆ ರಾಕ್ಮ್ ಇದೆಯಾ ಅಂತ ಕೇಳುವ ಸಾಲು. ಇಲ್ಲ ಅಂದರೆ ಅಲ್ಲೇ ನಿಲ್ಲುತ್ತದೆ, ಒಂದು ಹಾಳೆಯೂ ಹೊರಗೆ ಬರುವುದಿಲ್ಲ.

ಪರದೆ ನೋಡಿ. ಎಡಗಡೆ ಬೇಸಿಕ್, ಬಲಗಡೆ ರಾಕ್ಮ್. ಹೆಸರಲ್ಲಿ ಒತ್ತಕ್ಷರ ಇರುವವರು ಯಾರು ಇಲ್ಲಿ? ಕೂಗಿ ಹೇಳಿ, ಟೈಪ್ ಮಾಡುತ್ತೇನೆ.