ತೀರ್ಪು ಬಂದ್ರೂ ಟಿವಿ ಬಾಯಿ ಬಿಡ್ಲಿಲ್ಲ

ಕೇಳುಗರಿಗೆಲ್ಲಾ ನಮಸ್ಕಾರ. ಇವತ್ತು ಹೇಳೋದು ಜಪಾನಿನ ವಿಷಯ, ಪುಟ್ಟ ಮಕ್ಕಳು ಹತ್ರ ಇದ್ರೆ ರೇಡಿಯೋ ಸ್ವಲ್ಪ ಸಣ್ಣಗೆ ಇಟ್ಕೊಳ್ಳಿ.

ಜಾನಿ ಕಿಟಗಾವಾ ಅಂತ ಒಬ್ಬ ಇದ್ದ. 1962ರಲ್ಲಿ ಕಂಪನಿ ಶುರು ಮಾಡ್ದ, ಬರೀ ಹುಡುಗರನ್ನ ಸೇರಿಸ್ಕೊಂಡು ಹಾಡು ಡ್ಯಾನ್ಸ್ ಕಲಿಸಿ ಬಾಯ್ ಬ್ಯಾಂಡ್ ಕಟ್ಟೋದು, ಸ್ಮ್ಯಾಪ್, ಅರಾಶಿ ಎಲ್ಲಾ ಅಲ್ಲಿಂದ್ಲೇ ಬಂದಿದ್ದು. ಯಾರು ಸ್ಟಾರ್ ಆಗ್ಬೇಕು, ಯಾರು ಹಿಂದೆ ನಿಂತು ಕುಣೀತಾ ಇರ್ಬೇಕು, ಎಲ್ಲಾ ಅವನ ಕೈಲಿ. ಹೈಸ್ಕೂಲ್ ಹುಡುಗರು ಪ್ರಾಕ್ಟೀಸ್ ಮುಗಿಸಿ ರಾತ್ರಿ ಅವನ ಮನೇಲೇ ಮಲಗೋರು, ಅಲ್ಲೇ ಅವ್ರ ಮೇಲೆ ಕೈ ಹಾಕ್ತಿದ್ದ, ಬೆಳಿಗ್ಗೆ ಎದ್ದು ಯಾರ ಹತ್ರಾನೂ ಹೇಳೋ ಹಾಗಿಲ್ಲ, ಹೇಳಿದ್ರೆ ಚಾನ್ಸೇ ಹೋಯ್ತು.

1999ರಲ್ಲಿ ಶೂಕಾನ್ ಬುನ್‌ಶುನ್ ಅನ್ನೋ ವಾರಪತ್ರಿಕೆ ಇದನ್ನ ಸಾಲಾಗಿ ಬರೀತು. ಅವನು ಮಾನನಷ್ಟ ಕೇಸ್ ಹಾಕ್ದ. 2003ರಲ್ಲಿ ಟೋಕಿಯೋ ಹೈಕೋರ್ಟ್, ಲೈಂಗಿಕ ದೌರ್ಜನ್ಯದ ಬಗ್ಗೆ ಬರೆದಿರೋದು ನಿಜಾನೇ ಅಂತು, 2004ರಲ್ಲಿ ಸುಪ್ರೀಂ ಕೋರ್ಟಲ್ಲೂ ಅದೇ ನಿಂತ್ಕೊಳ್ತು. ಕೋರ್ಟೇ ಹೇಳಿದ್ಮೇಲೆ ಇನ್ನೇನು ಬೇಕಿತ್ರೀ? ಆದ್ರೂ ಟಿವಿಯವ್ರು ಉಸಿರೆತ್ತಲಿಲ್ಲ, ಆ ಕಂಪನಿ ಮುನಿಸ್ಕೊಂಡು ಹುಡುಗರನ್ನ ಕಳಿಸ್ದೇ ಹೋದ್ರೆ ಸೀರಿಯಲ್ಲು ಮ್ಯೂಸಿಕ್ ಶೋ ಎಲ್ಲಾ ನಿಂತ್ಹೋಗತ್ತೆ ಅನ್ನೋ ಭಯ, ದೊಡ್ಡ ದೊಡ್ಡ ಪ್ರಕಾಶಕರಂತೂ ಅದೇ ಹುಡುಗರ ಕ್ಯಾಲೆಂಡರ್ ಮಾರ್ತಾ ಇದ್ರು.

ನಾನೂ ಮೈಕ್ ಮುಂದೆ ಕೂರೋಳು, ನನಗೆ ತಡ್ಕೊಳ್ಳೋಕಾಗದೇ ಇರೋದು ಇನ್ನೊಂದಿದೆ. 2002ರಲ್ಲಿ, ಆ ಕೇಸ್ ನಡೀತಾ ಇರೋವಾಗ್ಲೇ, ಎನ್‌ಎಚ್‌ಕೆ, ಅಂದ್ರೆ ಜಪಾನಿನ ಸಾರ್ವಜನಿಕ ಟಿವಿ-ರೇಡಿಯೋ ಸಂಸ್ಥೆ, ಅದರ ಕಟ್ಟಡದ ಟಾಯ್ಲೆಟ್ಟಲ್ಲೇ ನನ್ನ ಮೇಲೆ ಹೀಗಾಯ್ತು ಅಂತ ಒಬ್ರು ಹೇಳಿದಾರೆ, ಡ್ಯಾನ್ಸ್ ಪ್ರಾಕ್ಟೀಸ್‌ಗೆ ಅಂತ ಬಂದಿದ್ದ ಹುಡುಗ ಆಗ. ಎನ್‌ಎಚ್‌ಕೆ ಅದನ್ನ ಸುದ್ದಿ ಮಾಡಿದ್ದು 2023ರಲ್ಲಿ, ಇಪ್ಪತ್ತೊಂದು ವರ್ಷ ಆದ್ಮೇಲೆ.

ಕಿಟಗಾವಾ 2019ರಲ್ಲಿ, 87ನೇ ವಯಸ್ಸಲ್ಲಿ ಸತ್ತ, ಒಂದು ದಿನಾನೂ ಜೈಲು ನೋಡ್ಲಿಲ್ಲ, ಟೋಕಿಯೋ ಡೋಮಲ್ಲಿ ದೊಡ್ಡ ಶ್ರದ್ಧಾಂಜಲಿ ಆಯ್ತು, ಪ್ರಧಾನಿ ಸಂತಾಪ ಕಳಿಸಿದ್ರು. 2023ರ ಮಾರ್ಚಲ್ಲಿ ಹೊರಗಿನ ಬಿಬಿಸಿ ಬಂದು ಡಾಕ್ಯುಮೆಂಟರಿ ಮಾಡಿದ್ಮೇಲೇನೇ ಕಟ್ಟೆ ಒಡೆದಿದ್ದು. ಕಂಪನೀನೇ ನೇಮಿಸಿದ ತನಿಖಾ ತಂಡ, ಕನಿಷ್ಠ ನೂರಾರು ಹುಡುಗರು ಬಲಿಯಾಗಿದಾರೆ ಅಂತು, ಮಾಧ್ಯಮಗಳ ಮೌನಾನೂ ಒಂದು ಕಾರಣ ಅಂತ ಬರೀತು. ಸೆಪ್ಟೆಂಬರಲ್ಲಿ ಕಂಪನಿ ತಪ್ಪೊಪ್ಕೊಳ್ತು.

ಆ ಏಪ್ರಿಲಲ್ಲಿ ಕವಾನ್ ಒಕಮೊಟೊ ಅನ್ನೋ ಹುಡುಗ ವಿದೇಶಿ ಪತ್ರಕರ್ತರ ಕ್ಲಬ್ಬಲ್ಲಿ ಹೆಸರು ಮುಖ ಎರಡೂ ತೋರಿಸ್ಕೊಂಡು ಮಾತಾಡ್ದ. ಸುಪ್ರೀಂ ಕೋರ್ಟ್ ತೀರ್ಪು ಬಂದಾಗ ಅವನಿಗೆ ಏಳು ವರ್ಷ. 2012ರಲ್ಲಿ, ಹದಿನೈದಕ್ಕೆ, ಅವನು ಆ ಕಂಪನಿಗೆ ಸೇರಿದ್ದು. ಟಿವಿಯಲ್ಲಿ ಬಂದಿದ್ರೆ ನಮ್ಮನೇಲಿ ಕಳಿಸ್ತಾನೇ ಇರ್ಲಿಲ್ವೇನೋ ಅಂದ.